ಕೀಲಿ ಪುಸ್ತಕದಲ್ಲಿ ದೊಡ್ಡವ್ವನ ಸಹಿ

ದೊಡ್ಡವ್ವನ ಮುಂಗೈ ಮೇಲೆ ಹಲ್ಲಿನ ಗುರುತಿತ್ತು, ಅರ್ಧ ಬಳೆಯಂತೆ. ಬಲಗೈಯೋ ಎಡಗೈಯೋ, ಈಗ ಆಣೆ ಮಾಡಲಾರೆ. ನೆನಪು ತನಗೆ ಅನುಕೂಲವಾದ ಕೈಯನ್ನೇ ಎತ್ತಿ ತೋರಿಸುತ್ತದೆ. "ಕಚ್ಚಿದಾಕಿದು ತಪ್ಪಿಲ್ಲ. ವಾರ್ಡಿನ್ಯಾಗ ಆಕಿನ್ನ ಕೇಳದನ ತಲಿ ಬಾಚಾಕ ಹೋಗಿದ್ದೆ," ಎನ್ನುತ್ತಿದ್ದಳು. ನಮ್ಮ ಮನೆಯ ಹುಡುಗಿಯರಿಗೆ ಜಡೆ ಹಾಕುವಾಗಲೂ "ಮುಟ್ಟಲೇನವಾ?" ಎಂದು ಕೇಳಿಯೇ ಬಾಚಣಿಗೆ ಎತ್ತುತ್ತಿದ್ದಳು.

ಆಕೆ ನನ್ನ ತಾಯಿಯ ಅಕ್ಕ, ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯವಳು. ಹೆರಿಗೆಯಲ್ಲಿ ಕೂಸು ಹೋದ ಮೇಲೆ ಮನಸ್ಸು ಕೆಟ್ಟಿತು. ಗಂಡನ ಮನೆಯವರು ದೂರದ ಹಳೆಯ ಹುಚ್ಚಾಸ್ಪತ್ರೆಗೆ ಸೇರಿಸಿದರು. ವಾಸಿಯಾದಳು; ಕರೆದೊಯ್ಯಲು ಯಾರೂ ಬರಲಿಲ್ಲ. ನಮ್ಮವರೂ ಹೋಗಲಿಲ್ಲ. ಅಲ್ಲೇ ಹೆಂಗಸರ ವಾರ್ಡಿನಲ್ಲಿ ಆಯಾ ಕೆಲಸಕ್ಕೆ ನಿಂತಳು. ನೇಮಕದ ಆದೇಶ ಬಂದದ್ದು ಎಷ್ಟೋ ವರ್ಷಗಳ ನಂತರ. ಅಲ್ಲಿಯವರೆಗೆ ಹೆಸರು ರೋಗಿಗಳ ಪಟ್ಟಿಯಲ್ಲೇ ಇತ್ತು. ನಿವೃತ್ತಳಾಗಿ ಕೊಪ್ಪಳದ ನಮ್ಮ ಮನೆಗೆ ಬಂದಾಗ ತಿಳಿಯಿತು: ರೋಗಿಯೆಂದೇ ದಾಖಲಾದ ಆ ವರ್ಷಗಳನ್ನೂ ಸೇವೆಯೆಂದು ಹಿಡಿಯದಿದ್ದರೆ ಪಿಂಚಣಿ ಇಲ್ಲ.

ನಾನು ಆಸ್ಪತ್ರೆಗೆ ಹೋಗಿ ಕೀಲಿ ಪುಸ್ತಕ ಹುಡುಕಿಸಿದೆ. ಸಂಜೆ ವಾರ್ಡಿನ ಕೀಲಿ ಪಡೆದವರು ಅದರಲ್ಲಿ ಸಹಿ ಹಾಕಬೇಕು. ನೇಮಕಕ್ಕೆ ಮುಂಚಿನ, ಆಳು ಸಾಲದಿದ್ದ ಕಾಲದ ಪುಟಗಳ ತುಂಬ ದೊಡ್ಡವ್ವನ ಸೊಟ್ಟ ಸಹಿ.

ಗುಮಾಸ್ತ ಒಳ್ಳೆಯವನೇ. "ರೋಗಿ ಕೈಯಾಗ ಯಾರ್ ಕೀಲಿ ಕೊಡ್ತಾರ್ರಿ? ಈಕಿಗೆ ಮನಸಿನ ಬ್ಯಾನಿನ ಇರಲಿಲ್ಲ, ಹೆಸರು ತಪ್ಪಿ ರೋಗಿಗಳ ಪಟ್ಟ್ಯಾಗ ಬಂದೈತಿ ಅಂತ ಬರಕೊಡ್ರಿ. ಕೆಲಸ ಆಗತೈತಿ," ಎಂದ.

ಬರೆದೆ. ಚೆಂದವಾಗಿಯೇ ಬರೆದೆ.

ಸಹಿಗೆಂದು ಓದಿ ಹೇಳಿದಾಗ ದೊಡ್ಡವ್ವ ನಕ್ಕಳು. "ಬ್ಯಾನಿ ಇಲ್ಲದ ನಾ ಅಲ್ಲಿಗೆ ಹೋಳಗಿ ಉಣ್ಣಾಕ ಹೋಗಿದ್ನೇನು?"

"ಖರೇ ಬರದ್ರ ಪಿಂಚಣಿ ಕೊಡಂಗಿಲ್ಲ, ದೊಡ್ಡವ್ವಾ."

"ಬ್ಯಾನಿನೂ ನಂದ, ದುಡಿಮಿನೂ ನಂದ. ಎರಡೂ ಬರಿ. ನನ್ನಂಗ ಬ್ಯಾನಿಂದ ಬಂದು ಕೀಲಿ ಹಿಡದ ಹೆಣಮಕ್ಳು ಇನ್ನೂ ಮೂರು ಮಂದಿ ಅದಾರ. ನನಗ ಬ್ಯಾನಿನ ಇರಲಿಲ್ಲ ಅಂತ ಬರಕೊಟ್ರ ಅವರು ಎಲ್ಲಿಗೆ ಹೋಗಬೇಕು?"

ಎರಡೂ ಬರೆದೆ. ಅರ್ಜಿ ಮರಳಿ ಬಂತು. ಮತ್ತೆ ಬರೆದೆ, ಅದೂ ಮರಳಿತು. ನಡುವೆ ಒಮ್ಮೆ, ಆಕೆಗೆ ತಿಳಿಸದೆ ಮೊದಲಿನ ಸುಳ್ಳನ್ನೇ ಕಳಿಸಿಬಿಡೋಣ ಅನ್ನಿಸಿತ್ತು. ಕಳಿಸಲಿಲ್ಲ. ನನ್ನ ಸತ್ಯನಿಷ್ಠೆಯಿಂದಲ್ಲ, ಅದಕ್ಕೆ ಆಕೆಯ ಸಹಿ ಬೇಕಿತ್ತು.

ಮೂರನೆಯ ಅರ್ಜಿಯ ಉತ್ತರಕ್ಕೆ ಕಾಯುತ್ತಿರುವಾಗ ದೊಡ್ಡವ್ವ ತೀರಿಕೊಂಡಳು. ಬಾಕಿ ಕೇಳಲು ಗಂಡನಿಲ್ಲ, ಮಕ್ಕಳಿಲ್ಲ, ಕಡತ ಮುಚ್ಚಿತು. ಆಕೆ ಹೇಳಿದ ರೀತಿಯಲ್ಲೇ ಉಳಿದ ಮೂವರಿಗೂ ಅರ್ಜಿ ಬರೆದುಕೊಟ್ಟೆ. ಈ ವರ್ಷ ಅವರಲ್ಲಿ ಒಬ್ಬಾಕೆಗೆ ಪಿಂಚಣಿ ಮಂಜೂರಾಯಿತು. ಗಂಗಾವತಿಯಿಂದ ಬಸ್ಸು ಹಿಡಿದು ಬಂದು, ಆದೇಶವನ್ನು ನನ್ನ ಕೈಗಿಟ್ಟು, "ಜೋರಾಗಿ ಓದ್ರಿ," ಎಂದಳು.

'ರೋಗಿಯಾಗಿದ್ದಾಗ ಸಲ್ಲಿಸಿದ ಸೇವೆಯನ್ನೂ ಪರಿಗಣಿಸಿ' ಎಂದಿತ್ತು. ಆ ಸಾಲನ್ನು ಎರಡು ಸಲ ಓದಿಸಿಕೊಂಡಳು.