ಖಾನಾಪುರದ ಓಣಿಯಲ್ಲಿ ಹತ್ತು ಮೀಟರ್

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬೆಳಗಾವಿಯಲ್ಲಿ ಖಾನಾಪುರದ ಬಸ್ ಹತ್ತಿದೆ. ಚೀಲದಲ್ಲಿ ಅಳತೆಯ ಟೇಪು, ಸೀಮೆಸುಣ್ಣ, ಸ್ಟಾಪ್‌ವಾಚ್. “ಪುಢೆ ಸರಕಾ, ಮುಂದ ಸರೀರಿ” ಎಂದು ಮರಾಠಿ, ಕನ್ನಡ ಎರಡರಲ್ಲೂ ಗದರುತ್ತ ಬಂದ ಕಂಡಕ್ಟರ್ ನನ್ನ ಆಧಾರ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ಇಪ್ಪತ್ತಾರು ಕಿಲೋಮೀಟರ್ ಪುಕ್ಕಟೆ ಪ್ರಯಾಣ, ಅದೂ ಕಿಟಕಿ ಪಕ್ಕ! ಮಳೆ ನಿಂತು ವಾರವಾಗಿತ್ತು. ದೇಸೂರು ದಾಟಿದ ಮೇಲೆ ಕಣ್ಣು ಹಾಯಿಸಿದಲ್ಲೆಲ್ಲ ಭತ್ತದ ಹಸಿರು.

ನಾನು ಬೆಳಗಾವಿಯ ಸದಾಶಿವನಗರದ ಸಣ್ಣ ಫಿಜಿಯೋಥೆರಪಿ ಕ್ಲಿನಿಕ್ಕಿನವಳು. ಲಕ್ವ ಹೊಡೆದು ಎಡಭಾಗ ಸೋತಿದ್ದ ಶಾಂತವ್ವ ಆರು ತಿಂಗಳಿಂದ ನನ್ನಲ್ಲಿಗೆ ಬರುತ್ತಿದ್ದರು. ಖಾನಾಪುರದಲ್ಲಿ ಅಂಗನವಾಡಿ ಸಹಾಯಕಿ. ಮತ್ತೆ ಕೆಲಸಕ್ಕೆ ಹೋಗಬೇಕಾದರೆ ಒಬ್ಬರೇ ದೊಡ್ಡ ರಸ್ತೆ ದಾಟಬೇಕು. ನಾನು ಹೂಂ ಅಂದರೆ ಮಾತ್ರ ಕಳಿಸುತ್ತೇವೆಂದು ಮನೆಯವರ ಪಟ್ಟು. ಆದರೆ ನಮ್ಮ ಕ್ಲಿನಿಕ್ಕಿನ ಪಡಸಾಲೆಯಲ್ಲಿ ಹತ್ತು ಮೀಟರ್ ನಡೆಯಲು ಮೂರು ಸಲವೂ ಅರ್ಧ ನಿಮಿಷ ಹಿಡಿದಿತ್ತು. ನಡುವೆ ಗಕ್ಕನೆ ನಿಲ್ಲುತ್ತಿದ್ದರು. ಮಾವ ಬಸಲಿಂಗಪ್ಪನವರು, ಸೊಸೆಗೆ ಧೈರ್ಯವಿರಲೆಂದು, ಎದುರಿನ ಕುರ್ಚಿಯಲ್ಲೇ ಕೂರುತ್ತಿದ್ದರು. ಮನೆಯ ಹತ್ತಿರ ಒಮ್ಮೆ ನೋಡಿ ತೀರ್ಮಾನಿಸೋಣವೆಂದು ಹೊರಟಿದ್ದೆ. ಇವತ್ತೂ ನಿಂತರೆ ಬೇಡವೆನ್ನಬೇಕು.

ಬಸ್ ನಿಲ್ದಾಣದಿಂದ ಮನೆಗೆ ಹತ್ತು ನಿಮಿಷದ ನಡಿಗೆ. “ಬರ್ರಿ, ಕುಂದರ್ರಿ. ಮಾವಾರು ನಿಮಗಂತ ಭಜಿ ತರಾಕ ಹೋಗ್ಯಾರ” ಎಂದರು ಶಾಂತವ್ವ. ಭಜಿ ಬರುವುದರೊಳಗೆ ಕೆಲಸ ಮುಗಿಸೋಣವೆಂದು ಓಣಿಯಲ್ಲಿ ಟೇಪು ಹಾಸಿ ಎರಡು ಗೆರೆ ಎಳೆದೆ.

ಬಲಗೈಯಲ್ಲಿ ಕೋಲು ಹಿಡಿದು ನಡೆದರು. ಹದಿನಾಲ್ಕು ಸೆಕೆಂಡ್! ನನ್ನ ಗಡಿಯಾರವನ್ನೇ ನಾನು ನಂಬಲಿಲ್ಲ. “ಇನ್ನೊಮ್ಮೆ ನಡೀರಿ” ಎಂದೆ.

ಅರ್ಧ ದಾರಿಗೆ ಬಂದಿದ್ದರು, ಓಣಿಯ ತಿರುವಿನಲ್ಲಿ ಬಸಲಿಂಗಪ್ಪನವರು ಭಜಿಯ ಪೊಟ್ಟಣದೊಂದಿಗೆ ಕಾಣಿಸಿಕೊಂಡರು. ಶಾಂತವ್ವನ ಕೋಲು ಕಂಕುಳಿಗೆ ಹೋಯಿತು, ಬಲಗೈ ತಲೆಯ ಮೇಲೆ ಸೆರಗೆಳೆಯಿತು, ಕಾಲು ನಿಂತೇ ಬಿಟ್ಟಿತು.

“ದವಾಖಾನ್ಯಾಗೂ ಹಿಂಗ ಮಾಡ್ತಿದ್ರೇನ್ರಿ?” ಎಂದು ಕೇಳಿದೆ.

“ಮತ್ತೇನ್ರೀ? ಮಾವಾರು ಎದುರಿಗೇ ಕುಂತಿರತಿದ್ರಲ್ಲಾ!”

ಹಣೆ ಬಡಿದುಕೊಂಡೆ. ಆರು ತಿಂಗಳು ಪಾದವನ್ನೂ ಗಡಿಯಾರವನ್ನೂ ನೋಡಿದ್ದೆ, ಸೆರಗನ್ನು ನೋಡಿರಲಿಲ್ಲ. ಕಣ್ಣಿದ್ದೂ ಕುರುಡಿ ನಾನು.

ಎಲ್ಲ ಕೇಳಿಸಿಕೊಂಡ ಮುದುಕರ ಮುಖ ಸಣ್ಣದಾಯಿತು. “ಖರೇನ? ಅಂದ್ರ ನಾನ ಅಡ್ಡ ಕುಂತಿದ್ನ್ಯಾ?” ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ಸೊಸೆಯ ಕಡೆ ತಿರುಗಿದರು. “ಮರ್ಯಾದಿ ಮನಸಿನ್ಯಾಗ ಇದ್ರ ಸಾಕವಾ. ಸೆರಗ ಬಿಡು, ಕೋಲ ಗಟ್ಟಿ ಹಿಡಿ. ಬಾ ನನ್ನ ಕಡೆ.”

ಶಾಂತವ್ವ ನಾಚಿ ಕೆಂಪಾದರು. ಆದರೂ ನಡೆದರು, ಮಾವನ ಎದುರಿಗೇ, ತಲೆ ಎತ್ತಿ. ಈ ಸಲ ಹದಿಮೂರು ಸೆಕೆಂಡ್. ನನಗೆ ಕುಣಿಯುವಷ್ಟು ಖುಷಿಯಾಯಿತು. ಕೋಲು ಹಿಡಿದು ಕೆಲಸಕ್ಕೆ ಹೋಗಬಹುದೆಂದು ಅಲ್ಲೇ ಕಟ್ಟೆಯ ಮೇಲೆ ಕೂತು ಬರೆದುಕೊಟ್ಟೆ. ಭಜಿ ಆರಿತ್ತು, ಒಂದೂ ಉಳಿಯಲಿಲ್ಲ.

ಬಸ್ಸಿಗೆ ಬಿಡಲು ಇಬ್ಬರೂ ಬಂದರು. ದೊಡ್ಡ ರಸ್ತೆಯಲ್ಲಿ ಶಾಂತವ್ವ ಎರಡೂ ಕಡೆ ನೋಡಿ, ಒಂದು ಲಾರಿ ಹೋಗಲು ಬಿಟ್ಟು, ಒಬ್ಬರೇ ದಾಟಿದರು. ನಾವಿಬ್ಬರೂ ಈಚೆ ನೋಡುತ್ತ ನಿಂತಿದ್ದೆವು.

ಬಸ್ ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದೆ. ಶಾಂತವ್ವ ಮನೆಯ ಕಡೆ ಹೋಗದೆ ಅಂಗನವಾಡಿಯ ದಾರಿ ಹಿಡಿದಿದ್ದರು. ಹತ್ತು ಹೆಜ್ಜೆ ಹಿಂದೆ ಬಸಲಿಂಗಪ್ಪನವರು ಏದುಸಿರು ಬಿಡುತ್ತ ಕೂಗುತ್ತಿದ್ದರು: “ಸಾವಕಾಶ ಹೋಗವಾ, ನಿನ್ನ ಬೆನ್ನ ಹತ್ತಿ ಬರಾಕ ನನಗ ಆಗವಲ್ದು!”

ಶಾಂತವ್ವ ನಿಲ್ಲಲಿಲ್ಲ.