ಸ್ಟೋವ್ ಪೆದ್ರುವಿನ ಕಾಗದದ ರಾಕೆಟ್ಟು

ಡಿಸೆಂಬರಿನ ಚಳಿ. ಹಳಿಯಾಳದ ಊರಾಚೆ, ಗೋವಿನಜೋಳ ಕಟಾವಾಗಿ ಖಾಲಿ ಬಿದ್ದ ಹೊಲದಲ್ಲಿ ಬೆಳಗಿನ ಆರೂವರೆಗೇ ಪೆದ್ರು ಸಿದ್ದಿ ಕುಕ್ಕುರುಗಾಲಲ್ಲಿ ಕೂತಿದ್ದಾರೆ. ಎದುರಿಗೆ ಹಳೆಯ ಗ್ಯಾಸ್‌ಬತ್ತಿಯ ಹಿತ್ತಾಳೆ ಟಾಕಿ, ಅದರ ಕೊರಳಿಗೆ ಅವರದೇ ಬೆಸುಗೆ. ಅದರಿಂದ ಹೊರಟ ರಬ್ಬರ್ ನಳಿಗೆಯ ತುದಿಯಲ್ಲಿ ನೆಟ್ಟಗೆ ನಿಲ್ಲಿಸಿದ ಕಬ್ಬಿಣದ ಕೊಳವೆ. ಆ ಕೊಳವೆಗೆ ಟೊಪ್ಪಿಗೆ ತೊಡಿಸಿದ ಹಾಗೆ ಒಂದೂವರೆ ಮೊಳದ ಕಾಗದದ ರಾಕೆಟ್ಟು.

ಪೆದ್ರು ಎಣಿಸುತ್ತ ಪಂಪು ಹೊಡೆಯುತ್ತಾರೆ. ಅರವತ್ತಕ್ಕೆ ನಿಲ್ಲಿಸಿ ಟಾಕಿಗೆ ಕಿವಿ ಹಚ್ಚಿ ಕೇಳುತ್ತಾರೆ. ಎದ್ದು ಇಪ್ಪತ್ತು ಹೆಜ್ಜೆ ಹಿಂದಕ್ಕೆ ಹೋಗಿ, ನಳಿಗೆಯ ನಡುವಿನ ನಲ್ಲಿಗೆ ಕಟ್ಟಿದ ದಾರ ಜಗ್ಗುತ್ತಾರೆ. ಫಟ್ ಎಂದು ಸದ್ದು. ರಾಕೆಟ್ಟು ಮಂಜಿನೊಳಗೆ ಹೊಕ್ಕು ಕಾಣದಾಗುತ್ತದೆ. ಸ್ವಲ್ಪ ಹೊತ್ತಿಗೆ ಬಿಳಿ ಬಟ್ಟೆಯ ಸಣ್ಣ ಕೊಡೆಯೊಂದು ಅದನ್ನು ಹಿಡಿದುಕೊಂಡು ತೂಗಾಡುತ್ತ ಇಳಿಯುತ್ತದೆ. ನಮ್ಮನ್ನು ಬಿಟ್ಟರೆ ಸುತ್ತಮುತ್ತ ನರಪಿಳ್ಳೆ ಇಲ್ಲ. ಪೆದ್ರು ತಾವೇ ನಡೆದುಹೋಗಿ ಅದನ್ನು ಎತ್ತಿಕೊಂಡು, ಮಣ್ಣು ಕೊಡವಿ, ಮತ್ತೆ ಕೊಳವೆಗೆ ಏರಿಸುತ್ತಾರೆ.

"ಇವತ್ತ ಎರಡ ಸಲ ಹಾರಿಸಿ ನೋಡಬೇಕ್ರಿ. ಎಂಟೂವರಿಗೆ ರೋಜಿ ಬರ್ತಾಳ. ಆಕಿ ಎದುರಿಗೆ ತಪ್ಪಬಾರದು," ಅನ್ನುತ್ತಾರೆ ಅವರು.

ರೋಜಿ ಅವರ ಹೆಂಡತಿ. ಎಂಟು ವರ್ಷದಿಂದ ಜೋಯಿಡಾ ಕಡೆ, ಉಳವಿಯ ದಾರಿಯಲ್ಲಿ ಸಿಗುವ ತವರಿನ ಕೇರಿಯಲ್ಲಿದ್ದಾರೆ. ಜಗಳವಾಗಿ ಹೋದವರಲ್ಲ. ಒಂದು ಕೆಟ್ಟ ಮಾತು ಆಡಿ ಹೋದವರೂ ಅಲ್ಲ.

ಹಳಿಯಾಳದಲ್ಲಿ ಪೆದ್ರು ಸಿದ್ದಿ ಎಂದು ಕೇಳಿದರೆ ಯಾರೂ ದಾರಿ ತೋರಿಸುವುದಿಲ್ಲ. ಸ್ಟೋವ್ ಪೆದ್ರು ಅಂದರೆ ಸಣ್ಣ ಮಕ್ಕಳೂ ತೋರಿಸುತ್ತಾರೆ. ಐವತ್ತೆರಡರ ಪ್ರಾಯ, ಇಪ್ಪತ್ತಾರು ವರ್ಷದ ಕಸುಬು. ದಿನಕ್ಕೆ ಏಳೆಂಟು ಸೀಮೆಎಣ್ಣೆ ಸ್ಟೋವು ಅವರ ಕೈಯಲ್ಲಿ ಬಿಚ್ಚಿ ಜೋಡಣೆಯಾಗುತ್ತವೆ. ಪಂಪಿನ ಚರ್ಮದ ವಾಶರ್ ಬದಲಿಸುವುದು, ಕಟ್ಟಿಕೊಂಡ ಬಾಯಿಗೆ ಪಿನ್ನು ಹಾಕುವುದು, ಟಾಕಿ ಸೋರಿದರೆ ಬೆಸುಗೆ. ವಾರಕ್ಕೆರಡು ದಿನ ಸೈಕಲ್ ಮೇಲೆ ಸಾಂಬ್ರಾಣಿ ಕಡೆಯ ಹಳ್ಳಿಗಳು. ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ಮುಂಡಗೋಡದ ಟಿಬೆಟನ್ ಕಾಲೊನಿ. ಅಡಿಗೆಮನೆಯೊಳಗೆ ಹೆಂಗಸರು ಧೈರ್ಯವಾಗಿ ಕಡ್ಡಿ ಗೀರುತ್ತಾರಲ್ಲ, ಆ ಧೈರ್ಯ ಇವರ ಕೈಯಿಂದ ಬಂದದ್ದೆಂದು ಯಾರಿಗೂ ನೆನಪಾಗುವುದಿಲ್ಲ. ನೆನಪಾಗುವುದು ಸ್ಟೋವು ಕೆಟ್ಟಾಗ ಮಾತ್ರ.

ಇಂಥ ಪೆದ್ರುವಿನ ಮನೆಯಲ್ಲಿ ಸ್ಟೋವಿಲ್ಲ. ಮೂರು ಕಲ್ಲು, ಒಂದಿಷ್ಟು ಸೌದೆ, ಒಂದು ಗಡಿಗೆ. ಇನ್ನೊಂದು ವಿಚಿತ್ರವೆಂದರೆ, ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಸಾಬೂನಿನ ತುಂಡು ಸಹ ಇಲ್ಲ. ಎಣ್ಣೆಗೈಯನ್ನು ಬೂದಿ ಹಚ್ಚಿ ತಿಕ್ಕುತ್ತಾರೆ. ಇದಕ್ಕೆ ಊರವರು ಹೆಸರಿಟ್ಟು ನಗುತ್ತಾರೆ. ಎಲುಬಿಲ್ಲದ ನಾಲಿಗೆ ಎತ್ತ ಬೇಕಾದರೂ ಹೊರಳುತ್ತದೆ, ಬಿಡಿ. ಕಾರಣ ಗೊತ್ತಿದ್ದವರು ನಗುವುದಿಲ್ಲ.

ಸ್ಟೋವಿನ ಟಾಕಿಗೆ ಸೂಜಿಮೊನೆಯಷ್ಟು ತೂತು ಬಿದ್ದರೆ ಅವಸರದವರು ಸಾಬೂನು ಮೆತ್ತಿ ಮುಚ್ಚುತ್ತಾರೆ. ಒಂದೆರಡು ಹೊತ್ತಿನ ಅಡಿಗೆಗೆ ತಡೆಯುತ್ತದೆ. ಗಿರಾಕಿಗಳು ಹಾಗೆ ಮಾಡಿದರೆ ಪೆದ್ರು ಸಿಡಿಮಿಡಿಗೊಳ್ಳುತ್ತಿದ್ದರು. ಆದರೆ ದೀಪದ ಬುಡದಲ್ಲೇ ಕತ್ತಲು. ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ ಒಂದು ಬೆಳಿಗ್ಗೆ ಸ್ವಂತ ಮನೆಯ ಸ್ಟೋವು ಸೋರಿದಾಗ, ಸಾಂಬ್ರಾಣಿಗೆ ಹೊರಟ ಅವಸರದಲ್ಲಿ ಅವರೂ ಸಾಬೂನೇ ಮೆತ್ತಿದರು. ಕಾವಿಗೆ ಸಾಬೂನು ಕರಗಿತು. ಒತ್ತಡದಲ್ಲಿದ್ದ ಎಣ್ಣೆ ಪಿಚಕಾರಿಯಂತೆ ಚಿಮ್ಮಿ ಹೊತ್ತಿಕೊಂಡಿತು. ರೋಜಿ ಉಳಿದರು. ಬಲಗೈ ಮೊಣಕೈತನಕ ಸುಟ್ಟು ಮುದುಡಿತು.

"ಸಂಜಿಗೆ ಬಂದು ಬೆಸಗಿ ಹಾಕ್ತೇನಿ ಅಂತ ಹೇಳಿ ಹೋಗಿದ್ನಿರಿ," ಎನ್ನುತ್ತಾರೆ ಪೆದ್ರು. "ಊರ ಮಂದಿ ಸ್ಟೋವಿಗೆಲ್ಲಾ ಬೆಸಗಿ, ನನ್ನ ಹೇಣ್ತಿಗೆ ಸಾಬೂನು. ಬೈದಿದ್ದರ ಸಮಾಧಾನ ಆಗತಿತ್ತು. ಬೈಲಿಲ್ಲ. ಆ ಸುಯ್ಯ್ ಅನ್ನೂ ಸಪ್ಪಳ ಕೇಳಿದ್ರ ನನಗ ನಿದ್ದಿ ಬರಾಂಗಿಲ್ಲ ಅಂದ್ಳು. ಸ್ಟೋವಿನವನ ಮನ್ಯಾಗ ಆ ಸಪ್ಪಳ ಎಲ್ಲಿ ತಪ್ಪತೈತ್ರಿ?"

ರಾಕೆಟ್ಟಿನ ಹುಚ್ಚು ಹತ್ತಿದ್ದು ಎಂಬತ್ತರಲ್ಲಿ. ಮಿರ್ಚಿಭಜಿ ಕಟ್ಟಿಕೊಟ್ಟ ಪತ್ರಿಕೆಯ ತುಂಡಿನಲ್ಲಿ ಬಾನಿಗೇರುವ ರಾಕೆಟ್ಟಿನ ಚಿತ್ರವಿತ್ತು. ಬೇರೆಯವರಾದರೆ ಎಣ್ಣೆ ಒರೆಸಿ ಎಸೆಯುತ್ತಿದ್ದರು. ಪೆದ್ರು ಭಜಿ ಆರುವ ತನಕ ಅದನ್ನೇ ನೋಡಿದರು. ಬೆಂಕಿಯ ಕಡೆ ಅವರ ಮನಸ್ಸು ಹೋಗಲಿಲ್ಲ. ಒಳಗಿನ ಒತ್ತಡಕ್ಕೆ ಒಂದೇ ಬಾಯಿ ಬಿಟ್ಟರೆ ಅದು ಮೈ ಸುಡುವುದಿಲ್ಲ, ಮೇಲಕ್ಕೆ ಒಯ್ಯುತ್ತದೆ ಎಂಬುದಷ್ಟೇ ಅವರಿಗೆ ಹೊಳೆದದ್ದು.

ಸಾಮಾನೆಲ್ಲ ಕಸದಿಂದ ಬಂದದ್ದು. ದಾಂಡೇಲಿಯಿಂದ ಬರುವ ದಪ್ಪ ಸುತ್ತುಗಾಗದವನ್ನು ಲಟ್ಟಣಿಗೆಗೆ ಸುತ್ತಿ, ಹುಣಸೆಬೀಜದ ಅಂಟು ಬಳಿದು ಒಣಗಿಸಿದರೆ ಮೈ ತಯಾರು. ಲಗ್ನಪತ್ರಿಕೆಯ ರಟ್ಟು ಕತ್ತರಿಸಿ ಬುಡಕ್ಕೆ ಮೂರು ರೆಕ್ಕೆ. ತಲೆಗೆ ಗೋವಿನಜೋಳದ ಒಣ ಬೆಂಡಿನ ಚೂಪು ತುದಿ. ಮೇಲೆ ಹೋಗಿ ರಾಕೆಟ್ಟು ಮಗುಚಿಕೊಂಡಾಗ ಬೆಂಡು ಕಳಚಿ, ಒಳಗೆ ಮಡಚಿಟ್ಟ ಬಟ್ಟೆ ಬಿಚ್ಚಿಕೊಳ್ಳಬೇಕು. ಹಳೆಯ ಛತ್ರಿಯ ಬಟ್ಟೆ ಭಾರವಾಯಿತು. ಸೀರೆಯ ತುಂಡು ಅಂಟಿಕೊಂಡಿತು. ಕಡೆಗೆ ಒದಗಿದ್ದು ಟಿಬೆಟನ್ ಕಾಲೊನಿಯ ಚೋಡನ್ ಅಜ್ಜಿ ಸ್ಟೋವು ಸರಿಯಾದ ಖುಷಿಗೆ ಕೊರಳಿಗೆ ಹಾಕಿದ ತೆಳು ಬಿಳಿ ವಸ್ತ್ರ. ಹರಸಿ ಕೊಟ್ಟದ್ದನ್ನು ಕತ್ತರಿಸುವುದು ಹೇಗೆಂದು ಪೆದ್ರು ಎರಡು ವಾರ ತಾಳಿ, ಕಾಲೊನಿಗೇ ಹೋಗಿ ಕೇಳಿದರು. ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕು, "ಮೇಲೆ ಹೋಗು, ಒಳ್ಳೆದು," ಎಂದರಂತೆ.

ರೋಜಿ ಪ್ರತಿವರ್ಷ ನಾತಾಳದ, ಅಂದರೆ ಕ್ರಿಸ್ಮಸ್ ಹಬ್ಬದ, ಮುಂಚಿನ ರವಿವಾರ ಹಳಿಯಾಳದ ಇಗರ್ಜಿಗೆ ಬಂದು, ಹತ್ತು ಗಂಟೆಯ ಬಸ್ಸಿಗೆ ಮರಳುತ್ತಾರೆ. ಎರಡು ವರ್ಷ ಪೆದ್ರು ಹೇಳಿಕಳಿಸಿದರೂ ಹೊಲದ ಕಡೆ ತಿರುಗಿ ನೋಡಲಿಲ್ಲ. ಈ ಸಲ ಬರುತ್ತೇನೆ ಎಂದಿದ್ದಾರೆ. "ನಾ ಹಾಕಿದ ಬೆಸಗಿ ಒತ್ತಡಕ್ಕ ನಿಲ್ಲತೈತಿ ಅನ್ನೂದು ಆಕಿ ಕಣ್ಣಲೆ ನೋಡಬೇಕ್ರಿ. ಬಾಯಿಲೆ ಹೇಳಿದ್ರ ಯಾರ ನಂಬ್ತಾರ?" ಎನ್ನುವ ಪೆದ್ರುವಿಗೆ ಈ ಮೂರು ವರ್ಷದ ಹುಚ್ಚೆಲ್ಲ ಇದಕ್ಕಾಗಿಯೇ.

ಎಂಟೂವರೆಗೆ ರೋಜಿ ಬರುತ್ತಾರೆ. ಸೆರಗಿನಲ್ಲಿ ಬಲಗೈ ಮುಚ್ಚಿಕೊಂಡು ದೂರದ ಬದುವಿನ ಮೇಲೆ ನಿಲ್ಲುತ್ತಾರೆ. ಹೊಲದೊಡತಿ ಕಾಶೆವ್ವನೂ ಬಂದಿದ್ದಾರೆ. ಪೆದ್ರು ಪಂಪು ಹೊಡೆಯುತ್ತಾರೆ. ನಲವತ್ತು ದಾಟುತ್ತಲೇ ಟಾಕಿಯ ಕೊರಳಿನಲ್ಲಿ ಸುಯ್ಯ್ ಎಂಬ ಸದ್ದು. ಬೆಳಿಗ್ಗೆ ಎರಡು ಸಲ ತಡೆದ ಬೆಸುಗೆ ಈಗ ಕೂದಲಿನಷ್ಟು ಬಿರಿದಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ. ಬದುವಿನ ಮೇಲೆ ರೋಜಿ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಾರೆ.

"ಏ ಪೆದ್ರು, ಮನ್ಯಾಗ ಸಾಬೂನ ಐತಿ, ತರ್ತೇನಿ ತಡಿ. ಹಚ್ಚಿ ಹಾರಿಸಿಬಿಡು. ಆಕಿ ಬಸ್ಸು ತಪ್ಪತೈತಿ," ಎನ್ನುತ್ತಾರೆ ಕಾಶೆವ್ವ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಹಿಂದಿನದು ಅವರಿಗೆ ಗೊತ್ತಿಲ್ಲ.

"ಬ್ಯಾಡವ್ವಾ," ಎಂದಷ್ಟೇ ಹೇಳಿ ಪೆದ್ರು ಗಾಳಿ ಪೂರ್ತಿ ಬಿಟ್ಟು, ಟಾಕಿ ಬಿಚ್ಚಿ, ಚೀಲದಿಂದ ಇದ್ದಲು ತೆಗೆಯುತ್ತಾರೆ. ಇದ್ದಲು ಹೊತ್ತಬೇಕು, ಬೆಸುಗೆಯ ಕಬ್ಬಿಣ ಕಾಯಬೇಕು, ಹಳೆಯ ಸೀಸ ಕೆರೆಯಬೇಕು. ಒಂದೂವರೆ ತಾಸಿಗೆ ಕಡಿಮೆಯಿಲ್ಲ. ಅವಸರ ಮಾಡಿದರೆ ಬೆಸುಗೆ ಕೆಡುತ್ತದೆ, ಮಾಡದಿದ್ದರೆ ಬಸ್ಸು ಹೋಗುತ್ತದೆ. ಪೆದ್ರು ತಲೆಯೆತ್ತಿ ಬದುವಿನ ಕಡೆ ನೋಡುವುದೇ ಇಲ್ಲ. ನೋಡಲು ಹೆದರಿಕೆ ಎಂದು ಆಮೇಲೆ ಒಪ್ಪಿಕೊಂಡರು.

ಹೊಸ ಬೆಸುಗೆ ಆರುವ ಹೊತ್ತಿಗೆ ಹತ್ತರ ಬಸ್ಸು ಹಾರ್ನ್ ಹಾಕಿಕೊಂಡು ರಸ್ತೆಯಲ್ಲಿ ಹೋಗುತ್ತದೆ. ಪೆದ್ರು ಆಗ ತಲೆಯೆತ್ತುತ್ತಾರೆ. ರೋಜಿ ಬದುವಿನ ಮೇಲೆಯೇ ಕೂತಿದ್ದಾರೆ.

ಅರವತ್ತು ಹೊಡೆತ. ಟಾಕಿ ಗಪ್‌ಚಿಪ್. ದಾರ ಜಗ್ಗಿದ ಕೂಡಲೇ ರಾಕೆಟ್ಟು ಮಂಜು ಕರಗಿದ ಆಕಾಶಕ್ಕೆ ನೆಟ್ಟಗೆ ಏರಿ, ತೆಂಗಿನಮರದ ಎರಡರಷ್ಟು ಎತ್ತರದಲ್ಲಿ ಹೊರಳಿ, ಬಿಳಿ ಬಟ್ಟೆ ಬಿಚ್ಚಿಕೊಂಡು ಇಳಿಯುತ್ತದೆ. ಕಾಶೆವ್ವ ಬಾಯಿಯ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ರೋಜಿ ರಾಕೆಟ್ಟಿನ ಕಡೆ ಹೋಗುವುದಿಲ್ಲ. ಹೊಲಕ್ಕಿಳಿದು ಸೀದಾ ಟಾಕಿಯ ಹತ್ತಿರ ಬಂದು, ಸೆರಗಿನಿಂದ ಮುದುಡಿದ ಕೈ ಹೊರತೆಗೆದು, ಬೆಸುಗೆಯ ಮೇಲೆ ಇಡುತ್ತಾರೆ. ಗಂಡಹೆಂಡಿರ ಮನೆಮಾತು ಕೊಂಕಣಿ. ಕಾಶೆವ್ವ ಇದ್ದದ್ದಕ್ಕೋ ಏನೋ, ರೋಜಿ ಕನ್ನಡದಲ್ಲೇ ಹೇಳುತ್ತಾರೆ: "ಇನ್ನಾ ಬೆಚ್ಚಗ ಐತಿ."

ಹನ್ನೆರಡೂವರೆಯ ಬಸ್ಸಿಗೆ ರೋಜಿ ತವರಿಗೆ ಹೊರಡುತ್ತಾರೆ. ಪೆದ್ರು ಸ್ಟ್ಯಾಂಡಿನ ತನಕ ಹೋಗಿ, ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ನಿಂತು, ಆಮೇಲೆ ಅಂಗಡಿಯ ಬಾಗಿಲು ತೆಗೆಯುತ್ತಾರೆ. ಆರು ಸ್ಟೋವು ಕಾದು ಕೂತಿವೆ. ಮನೆಗೆ ಬಾ ಎಂದು ಕರೆಯಲಿಲ್ಲವೇ ಎಂಬ ನಮ್ಮ ಪ್ರಶ್ನೆಗೆ ಅವರು ಒಂದು ಪಂಪಿನ ವಾಶರ್‌ಗೆ ಎಣ್ಣೆ ಸವರುತ್ತ ಹೇಳುತ್ತಾರೆ:

"ಕೇಳಲಿಲ್ರಿ. ಕೇಳಿದ್ದರ ಆಕಿಗೆ ಇಲ್ಲ ಅನ್ನೂ ಕಷ್ಟ. ಎಂಟು ವರ್ಷ ಆತು, ನಾ ಮಾಡಿದ ಕೆಲಸದ ಮ್ಯಾಲ ಆಕಿ ಕೈ ಇಟ್ಟಿದ್ದಿಲ್ಲ. ಇವತ್ತ ಆ ಸುಟ್ಟ ಕೈನ ಇಟ್ಟಳು. ಹಿಂದಕ ತಗೀಲಿಲ್ಲ."