ಕಲಾಯಿ ಇಲ್ಲದ ತಾಮ್ರ

ಗಲ್ಫಿನ ಈ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ನಮ್ಮ ಗೋದಾಮಿನ ಮಹಡಿಯ ಮೇಲೆ ಪ್ರತಿ ಬೇಸಿಗೆಯಲ್ಲೂ ಕೇಬಲ್ ತುಂಡುಗಳನ್ನು ಬಿಸಿಲಿಗೆ ಹಾಕುತ್ತೇವೆ, ಸಂಡಿಗೆ ಹಾಕಿದ ಹಾಗೆ, ಸಾಲಾಗಿ. ಒಂದೊಂದು ತುಂಡೂ ಒಂದು ಮೊಳ ಉದ್ದ. ಜೂನ್‌ನಲ್ಲಿ ಹಾಕಿದ್ದನ್ನು ಸೆಪ್ಟೆಂಬರ್ ಕೊನೆಗೆ ತೆಗೆದು, ಬಗ್ಗಿಸಿ, ಮೇಲಿನ ಕಪ್ಪು ಹೊದಿಕೆ ಬಿರುಕು ಬಿಟ್ಟಿದೆಯೇ ಎಂದು ನೋಡುತ್ತೇವೆ. ತಯಾರಕರ ಪ್ರಮಾಣಪತ್ರ ಏನೇ ಹೇಳಲಿ, ನಮ್ಮಲ್ಲಿ ಕೊನೆಯ ತೀರ್ಪು ಮಹಡಿಯದು. ಇಲ್ಲಿಯ ಬಿಸಿಲಿಗೆ ತಡೆದದ್ದು ಭೂಮಿಯ ಮೇಲೆ ಎಲ್ಲಿ ಬೇಕಾದರೂ ತಡೆಯುತ್ತದೆ ಎಂದು ನಮ್ಮ ಮ್ಯಾನೇಜರ್ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಅವರನ್ನು ನಾವೆಲ್ಲ ಮುದೀರ್ ಎನ್ನುತ್ತೇವೆ. ಅವರ ಕೈಕೆಳಗೆ ಹನ್ನೆರಡು ವರ್ಷ ಕೆಲಸ ಮಾಡಿ ನಾನೂ ಅದನ್ನು ನಂಬಿದ್ದೆ. ಮೈಸೂರಿನಲ್ಲಿ ನಾಲ್ಕು ವರ್ಷ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವಳು ನಂಬಬಾರದಿತ್ತು.

ಇಲ್ಲಿಯ ಒಂದು ದತ್ತಿ ಸಂಸ್ಥೆ ಹಿಂದೂ ಮಹಾಸಾಗರದ ಕೆಲವು ಸಣ್ಣ ದ್ವೀಪಗಳಿಗೆ ಸೋಲಾರ್ ವಿದ್ಯುತ್ ಹಾಕಿಸಿಕೊಡುವ ಕೆಲಸ ಹಿಡಿದಿತ್ತು. ಒಂದು ಶಾಲೆ, ಒಂದು ಆರೋಗ್ಯ ಕೇಂದ್ರ, ಮೀನುಗಾರರ ಮನೆಗಳು. ವಾರಕ್ಕೊಮ್ಮೆ ದೋಣಿ ಬಂದರೆ ಬಂತು, ಗಾಳಿ ಎದ್ದರೆ ಅದೂ ಇಲ್ಲ. ಕೇಬಲ್ ಕೆಟ್ಟರೆ ರಿಪೇರಿಗೆ ಹೋಗುವವರಿಲ್ಲ, ಆದ್ದರಿಂದ ಕೆಡದಂಥದ್ದನ್ನೇ ಆರಿಸಬೇಕು. ಆರಿಸುವ ಕೆಲಸ ನನ್ನದಾಗಿತ್ತು.

ನಾನು ಪಟ್ಟಿ ಮಾಡುತ್ತಿದ್ದ ದಿನ ನಮ್ಮ ಸ್ಟೋರ್‌ಕೀಪರ್ ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ಮೇಲೆ ಬಂದಿದ್ದರು. ಮಂಗಳೂರು ಕಡೆಯ ಬ್ಯಾರಿ, ಐವತ್ತೆಂಟು ದಾಟಿದವರು. ಗೋದಾಮಿನಲ್ಲಿ ಯಾವ ಕೇಬಲ್ ಡ್ರಮ್ ಯಾವ ಮೂಲೆಯಲ್ಲಿದೆ ಎಂದು ಕಂಪ್ಯೂಟರಿಗಿಂತ ಮೊದಲು ಹೇಳುವವರು. ನಾನು ಅವರನ್ನು ಭಾಯಿ ಎಂದೇ ಕರೆಯುವುದು.

"ದ್ವೀಪಕ್ಕಾ ಮೇಡಂ? ಹಾಗಾದ್ರೆ ಕಲಾಯಿ ಹಾಕಿದ ತಾಮ್ರವೇ ಆಗ್ಬೇಕು," ಎಂದರು.

"ಪಾತ್ರೆಗೆ ಹಾಕೋ ಕಲಾಯಿನಾ ಭಾಯಿ?"

"ನಗ್ಬೇಡಿ. ಊರಲ್ಲಿ ನಮ್ಮ ಮನೆ ಕಡಲ ಬದಿಯಲ್ಲಿ ಇರುವುದು. ಮಸೀದಿಯ ಮೈಕಿನ ವಯರು ಪ್ರತಿ ಮಳೆಗಾಲ ಹಾಳು. ಹೊರಗಿನಿಂದ ನೋಡಿದ್ರೆ ಚಂದ ಉಂಟು, ಸುಲಿದ್ರೆ ಒಳಗೆ ಹಸಿರು ಕಿಲುಬು. ಉಪ್ಪು ಗಾಳಿ ತುದಿಯಿಂದ ಒಳಗೆ ಹೋಗ್ತದೆ, ಮೇಲಿನಿಂದ ಅಲ್ಲ."

ಅದು ನನಗೆ ಗೊತ್ತಿರದ ವಿಷಯವಲ್ಲ. ಹಡಗುಗಳಲ್ಲಿ ತವರದ ಲೇಪವಿರುವ ತಾಮ್ರದ ಎಳೆಗಳನ್ನೇ ಬಳಸುತ್ತಾರೆ. ಆದರೂ ಅವರು ಹೇಳಿದ ಮೇಲೆಯೇ ಪಟ್ಟಿಯಲ್ಲಿ ಅದನ್ನು ಬರೆದೆ. ಅವರು ಬಾಗಿಲು ದಾಟುವವರೆಗೆ ಕಾದು ಬರೆದೆ ಎಂದು ನೆನಪು. ಇದು ನಿಜವೋ, ನನ್ನನ್ನು ಇನ್ನಷ್ಟು ಸಣ್ಣವಳಾಗಿ ಕಾಣಲು ನಾನು ಆಮೇಲೆ ಸೇರಿಸಿಕೊಂಡದ್ದೋ ಹೇಳಲಾರೆ.

ನಮ್ಮ ಸ್ಟಾಕಿನಲ್ಲಿ ಕಲಾಯಿ ಹಾಕಿದ್ದೂ ಇತ್ತು, ಸಾದಾ ತಾಮ್ರದ್ದೂ ಇತ್ತು. ಎರಡರ ತುಂಡುಗಳೂ ಆ ಬೇಸಿಗೆ ಮಹಡಿ ಹತ್ತಿದವು. ಸೆಪ್ಟೆಂಬರ್‌ನಲ್ಲಿ ಇಳಿಸಿ ಬಗ್ಗಿಸಿದಾಗ ಕಲಾಯಿ ಕೇಬಲಿನ ಹೊದಿಕೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಸಾದಾದ್ದು ಹೊಸದರ ಹಾಗೆ ಮಿರುಗುತ್ತಿತ್ತು. ಸರಿಯಾದ ದಾರಿ ಏನೆಂದರೆ, ಒಳ್ಳೆಯ ಹೊದಿಕೆಯ, ಕಲಾಯಿ ಹಾಕಿದ ಮೂರನೆಯ ಕೇಬಲನ್ನು ಹೊರಗಿನಿಂದ ತರಿಸುವುದು. ಅದಕ್ಕೆ ಕಾಯಬೇಕಾಗಿತ್ತು. ದತ್ತಿ ಸಂಸ್ಥೆಯವರು ಅವಸರ ಮಾಡುತ್ತಿದ್ದರು. ಮಹಡಿಯ ತೀರ್ಪು ನನ್ನ ಕೈಯಲ್ಲೇ ಇತ್ತು. ಧೂಳು ಹೋಗದಿರಲಿ ಎಂದು ನಾವು ಪ್ರತಿ ತುಂಡಿನ ಎರಡೂ ತುದಿಗೆ ಬಿಗಿಯಾಗಿ ಟೇಪು ಸುತ್ತಿಯೇ ಬಿಸಿಲಿಗಿಡುತ್ತೇವೆ. ಅಂದರೆ ಇಷ್ಟು ವರ್ಷ ನಾವು ಪರೀಕ್ಷಿಸಿದ್ದು ಚರ್ಮವನ್ನು ಮಾತ್ರ. ಒಳಗಿನ ತಾಮ್ರಕ್ಕೆ ಗಾಳಿಯೇ ಸೋಕಿರಲಿಲ್ಲ. ಅವತ್ತು ಇದು ನನಗೆ ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಳೆಯಿತು, ಅದರ ಮೇಲೆ ಫೈಲು ಮುಚ್ಚಿದೆ.

ನಮ್ಮಲ್ಲಿ ಕಾಗದದ ಮೇಲೆ ಏನೇ ಇರಲಿ, ಕೊನೆಯ ಮಾತು ಫೋನಿನಲ್ಲೇ ಆಗುವುದು. ಸ್ಟೋರಿಗೆ ಫೋನ್ ಮಾಡಿ ಸಾದಾ ತಾಮ್ರದ ಡ್ರಮ್‌ಗಳನ್ನೇ ಲೋಡ್ ಮಾಡಲು ಹೇಳಿದೆ. ಫೈಲಿನಲ್ಲಿದ್ದ ಹಳೆಯ ಪಟ್ಟಿಯನ್ನು ತಿದ್ದಲಿಲ್ಲ. ಮರೆತೆನೋ, ಬೇಕೆಂದೇ ಬಿಟ್ಟೆನೋ ಇವತ್ತಿಗೂ ನನಗೆ ಖಚಿತವಿಲ್ಲ.

ವರ್ಷ ತುಂಬುವ ಮೊದಲೇ ದ್ವೀಪದ ಆರೋಗ್ಯ ಕೇಂದ್ರದ ನರ್ಸ್ ಕಳಿಸಿದ ಫೋಟೋಗಳು ಬಂದವು. ಸಮುದ್ರದ ಕಡೆಯ ಗೋಡೆಯ ಮೇಲಿನ ಜಾಯಿಂಟ್ ಪೆಟ್ಟಿಗೆ ಬಿಚ್ಚಿದ್ದರು. ಒಳಗೆ ತಾಮ್ರವೇ ಇರಲಿಲ್ಲ, ಪಾಚಿಯ ಬಣ್ಣದ ಪುಡಿ ಇತ್ತು. ಔಷಧಿಯ ಫ್ರಿಜ್ ನಿಂತುಹೋಗಿದ್ದರಿಂದ ಲಸಿಕೆಗಳನ್ನು ಐಸಿನಲ್ಲಿಟ್ಟು ದೋಣಿಯಲ್ಲಿ ಪಕ್ಕದ ದ್ವೀಪಕ್ಕೆ ಸಾಗಿಸಿದ್ದೇವೆ, ಯಾರಿಗೂ ತೊಂದರೆಯಾಗಿಲ್ಲ, ದಯವಿಟ್ಟು ಬೇಗ ಏನಾದರೂ ಮಾಡಿ ಎಂದು ಆಕೆ ಬರೆದಿದ್ದರು. ಬಯ್ದಿರಲಿಲ್ಲ. ಯಾರಿಗೂ ತೊಂದರೆಯಾಗಿಲ್ಲ ಎಂಬ ಸಾಲನ್ನೇ ನಾನು ಮೂರು ಸಲ ಓದಿದೆ.

ಮುದೀರ್ ಫೈಲು ತರಿಸಿದರು. ಹಳೆಯ ಪಟ್ಟಿ ಸಿಕ್ಕಿತು. ಅದರಲ್ಲಿ ಕಲಾಯಿ ಹಾಕಿದ ತಾಮ್ರ ಎಂದು ನನ್ನ ಕೈಬರಹದಲ್ಲೇ ಇತ್ತು. ಭಾಯಿಯನ್ನು ಕೆಳಗಿನಿಂದ ಕರೆಸಿದರು. ಅವತ್ತು ಆ ಕೋಣೆಯಲ್ಲಿ ಆಡಿದ ಇಂಗ್ಲಿಷನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ಒಂದೆರಡು ಮಾತು ನನ್ನವೂ ಸೇರಿರಬಹುದು.

"ಎಂಜಿನಿಯರ್ ಸರಿಯಾಗಿ ಬರೆದಿದ್ದಾರೆ. ನೀನು ಕಳಿಸಿದ್ದೇನು?"

ಭಾಯಿ ಕಾಗದ ನೋಡಿದರು, ನನ್ನನ್ನು ನೋಡಿದರು. "ಮೇಡಂ ಆಮೇಲೆ ಫೋನ್ ಮಾಡಿ ಸಾದಾದ್ದು ಹಾಕ್ಲಿಕ್ಕೆ ಹೇಳಿದ ಹಾಗೆ ನೆನಪು ಸಾರ್."

ಮುದೀರ್ ನನ್ನ ಕಡೆ ತಿರುಗಿದರು. "ಫೋನ್ ಮಾಡಿದ್ದೆಯಾ?"

"ನನಗೆ ನೆನಪಿಲ್ಲ," ಎಂದೆ.

ಇಲ್ಲ ಎನ್ನಲಿಲ್ಲ. ನೆನಪನ್ನು ನಂಬಬಾರದು ಎಂದು ನಾನು ಗೆಳತಿಯರಿಗೆ, ಗಂಡನಿಗೆ, ಮಗಳಿಗೆ ಎಷ್ಟು ಸಲ ಹೇಳಿಲ್ಲ! ಇಪ್ಪತ್ತು ವರ್ಷದಿಂದ ದಿನಚರಿ ಬರೆಯುವುದೂ ಆ ಅಪನಂಬಿಕೆಯಿಂದಲೇ. ಆ ಅಪನಂಬಿಕೆ ಅವತ್ತು ನನ್ನ ಬೆನ್ನಿಗೆ ಬಂದು ನಿಂತಿತು. ನಾನು ತಪ್ಪಿಸಿಕೊಳ್ಳುತ್ತಿರುವಂತೆ ಕಾಣಲಿಲ್ಲ, ಎಚ್ಚರಿಕೆಯ ಮಾತಾಡುವವಳಂತೆ ಕಂಡೆ.

ಭಾಯಿ ವಾದ ಮಾಡಲಿಲ್ಲ. ಮಾಡಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದೂ ಅವರ ಮೇಲೆಯೇ ಹೊರೆ ಹಾಕುವ ಉಪಾಯ. ಅವರು ಹಣೆ ಉಜ್ಜಿಕೊಂಡು, "ಹಾಗಾದ್ರೆ ನನ್ನದೇ ತಪ್ಪಿರಬೇಕು. ಮೇಡಂ ಹೀಗೆಲ್ಲ ಮರೆಯುವವರಲ್ಲ," ಎಂದರು.

"ಖಲಾಸ್," ಎಂದು ಮುದೀರ್ ಕೈ ಚಾಚಿದರು. "ಫೋರ್ಕ್‌ಲಿಫ್ಟ್ ಕೀ ಕೊಡು. ನೆನಪು ಹೋದವನು ಟನ್ನುಗಟ್ಟಲೆ ಎತ್ತುವುದು ಬೇಡ."

ಭಾಯಿ ಸೊಂಟದ ಗೊಂಚಲಿನಿಂದ ಆ ಒಂದು ಕೀಲಿಯನ್ನು ಬಿಡಿಸಲು ತುಂಬ ಹೊತ್ತು ತೆಗೆದುಕೊಂಡರು.

ಮರುದಿನ ಶುಕ್ರವಾರ, ರಜೆ. ಮೈದಾನ್ ಹವಲ್ಲಿಯ ನಮ್ಮ ಫ್ಲಾಟಿನಲ್ಲಿ ಬೆಳಿಗ್ಗೆ ಕಾಫಿ ಮುಗಿಸಿ ಹಳೆಯ ದಿನಚರಿ ತೆಗೆದೆ. ಸಾಲು ಅಲ್ಲೇ ಇತ್ತು: "ಕಲಾಯಿ ವಿಷಯ ಮುಗಿಸಿದೆ. ಸ್ಟೋರಿಗೆ ಫೋನ್ ಮಾಡಿ ಸಾದಾದ್ದನ್ನೇ ಹಾಕಲು ಹೇಳಿದೆ. ಭಾಯಿ ಗೊಣಗಿದರು." ಕೆಳಗೆ ಬೆಂಡೆಕಾಯಿ, ಮೊಸರು, ಮಗಳ ಶಾಲೆಯ ಮೀಟಿಂಗ್.

ಮಗಳು ಹಿಂದೆ ಬಂದು ನಿಂತಿದ್ದಳು. "ವಾಟ್ ಹ್ಯಾಪೆಂಡ್, ಅಮ್ಮಾ?"

"ಏನಿಲ್ಲ ಪುಟ್ಟ, ಒಂದು ಡೇಟ್ ನೋಡ್ತಿದ್ದೆ."

"ಯು ಲುಕ್ ವಿಯರ್ಡ್," ಎಂದು ಹೇಳಿ ಅವಳು ಹೋದಳು.

ಹನ್ನೊಂದು ದಿನ ಸುಮ್ಮನಿದ್ದೆ. ನಾಳೆ ಹೇಳುತ್ತೇನೆ ಎಂಬುದು ದಿನವೂ ಪ್ರಾಮಾಣಿಕವಾದ ನಿರ್ಧಾರವೇ ಆಗಿರುತ್ತಿತ್ತು. ಈ ನಡುವೆ ಭಾಯಿ ಬದಲಾಗತೊಡಗಿದರು. ಜೇಬಿನಲ್ಲೊಂದು ಸಣ್ಣ ನೋಟ್‌ಬುಕ್ ಬಂತು. ನಾನು ಫೋನಿನಲ್ಲಿ ಏನಾದರೂ ಹೇಳಿದರೆ ಐದು ನಿಮಿಷಕ್ಕೆ ತಿರುಗಿ ಫೋನ್ ಮಾಡುತ್ತಿದ್ದರು: "ಮೇಡಂ, ಎರಡು ಡ್ರಮ್ ಅಂತ ಅಲ್ವಾ ನೀವು ಹೇಳಿದ್ದು? ನಿಮಗೆ ಬೇಜಾರಿಲ್ಲ ಅಲ್ವಾ, ಇನ್ನೊಮ್ಮೆ ಕೇಳಿದ್ದಕ್ಕೆ?" ಮೊದಲು ಅವರು ಕಣ್ಣುಮುಚ್ಚಿ ಕೈ ತೋರಿಸುತ್ತಿದ್ದ ಮೂಲೆಗಳಿಗೆ ಈಗ ನಡೆದುಹೋಗಿ ಚೀಟಿ ಓದಿ ಬರುತ್ತಿದ್ದರು. ಟ್ರಕ್ಕಿನ ಹೈದರಾಬಾದಿ ಡ್ರೈವರ್ ಒಂದು ದಿನ ಎಲ್ಲರೆದುರು, "ಚಾಚಾ, ಘರ್ ಕಾ ರಾಸ್ತಾ ಯಾದ್ ಹೈ ನಾ?" ಎಂದು ಕೂಗಿದ. ಎಲ್ಲರೂ ನಕ್ಕರು. ಭಾಯಿಯೂ ನಕ್ಕು, "ಮನೆ ಮರೆತ್ರೂ ನಿನ್ನ ಮೋರೆ ಮರೆಯುದಿಲ್ಲ ಮಾರಾಯ, ಅದೇ ಕಷ್ಟ," ಎಂದರು. ಅವನಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು, ನಗು ಬರಲಿಲ್ಲ.

ಹನ್ನೊಂದನೆಯ ದಿನ ಅವರು ರಜೆ ಚೀಟಿಗೆ ಸಹಿ ಕೇಳಿ ಮೇಲೆ ಬಂದರು.

"ಯಾಕೆ ಭಾಯಿ, ಹುಷಾರಿಲ್ವಾ?"

"ಹವಲ್ಲಿಯಲ್ಲಿ ನರದ ಡಾಕ್ಟರು ಒಬ್ರಿದ್ದಾರೆ. ಮೊನ್ನೆ ಒಮ್ಮೆ ಹೋಗಿದ್ದೆ. ನಾಳೆ ತಲೆಯ ಸ್ಕ್ಯಾನ್ ಮಾಡಿಸ್ಲಿಕ್ಕೆ ಹೇಳಿದ್ರು." ಸಣ್ಣ ದನಿಯಲ್ಲಿ ಹೇಳಿದರು: "ನನ್ನ ಬಾಪನಿಗೆ ಹೀಗೇ ಶುರುವಾದದ್ದು ಮೇಡಂ. ಇಲ್ಲದ್ದನ್ನು ಇತ್ತು ಅನ್ನುವುದು. ಕೊನೆಗೆ ನಮ್ಮನ್ನೇ ಗುರ್ತ ಸಿಕ್ತಿರ್ಲಿಲ್ಲ. ಆ ಫೋನು ನನಗೆ ಈಗಲೂ ಕೇಳ್ತದೆ. ನಿಮ್ಮ ಸ್ವರ, ನೀವು ಕೆಮ್ಮಿದ್ದು, ಎಲ್ಲ. ಬಾರದ ಫೋನು ಇಷ್ಟು ಸರಿ ಕೇಳ್ತದೆ ಅಂದ್ರೆ ಹೆದ್ರಿಕೆ ಆಗುದಿಲ್ವಾ?"

ನಾನು ಸಹಿ ಹಾಕಲಿಲ್ಲ. ಇಲ್ಲೇ ಇರಿ ಎಂದು ಹೇಳಿ ಮುದೀರ್ ಕೋಣೆಗೆ ಹೋದೆ. ದಿನಚರಿ ನೋಡಿದೆ, ನೆನಪಾಯಿತು, ಫೋನ್ ಮಾಡಿದ್ದು ನಾನೇ, ಆಯ್ಕೆಯೂ ನನ್ನದೇ ಎಂದೆ. ಬಾಗಿಲಿನಿಂದ ಕುರ್ಚಿಯವರೆಗೆ ಹೋಗುವಷ್ಟರಲ್ಲಿ ನೆನಪಾಯಿತು ಎಂಬ ಆ ಮಾತನ್ನು ಜೋಡಿಸಿಕೊಂಡಿದ್ದೆ.

ಮುದೀರ್ ಕನ್ನಡಕ ತೆಗೆದು ನನ್ನನ್ನು ನೋಡಿದರು. ಸಿಟ್ಟಾಗುತ್ತಾರೆಂದುಕೊಂಡಿದ್ದೆ. "ಮಹಡಿಯಲ್ಲಿ ಪಾಸಾದದ್ದನ್ನು ತಾನೇ ಕಳಿಸಿದ್ದು? ಎಂಜಿನಿಯರ್ ಅಂದಮೇಲೆ ಒಂದು ನಿರ್ಧಾರ ತಪ್ಪಬಹುದು. ಒಳ್ಳೆಯ ಹೊದಿಕೆಯ ಕಲಾಯಿ ಕೇಬಲ್ ಎಲ್ಲಿದೆ ನೋಡು, ಎಲ್ಲ ದ್ವೀಪಗಳಿಗೂ ಬದಲಿ ಕಳಿಸೋಣ. ಯಲ್ಲಾ, ಹೊರಡು." ಡ್ರಾಯರಿನಿಂದ ಫೋರ್ಕ್‌ಲಿಫ್ಟ್ ಕೀ ತೆಗೆದು ನನ್ನ ಕೈಗೇ ಕೊಟ್ಟರು. ಅಷ್ಟೇ. ಅದೇ ಕೆಲಸ ಭಾಯಿ ಮಾಡಿದ್ದಾರೆ ಎಂದಾಗ ಅದು ತಲೆ ಕೆಟ್ಟದ್ದರ ಲಕ್ಷಣವಾಗಿತ್ತು. ನಾನು ಮಾಡಿದ್ದೇನೆ ಎಂದಾಗ ಬರೀ ನಿರ್ಧಾರವಾಯಿತು.

ಹೊರಗೆ ಬಂದು ಕೀಲಿಯನ್ನು ಭಾಯಿಯ ಮುಂದೆ ಮೇಜಿನ ಮೇಲಿಟ್ಟೆ. "ಫೋನ್ ಬಂದದ್ದು ನಿಜ ಭಾಯಿ. ನಾನೇ ಮಾಡಿದ್ದೆ. ಈಗ ನೆನಪಾಯ್ತು."

ಅವರು ಕೀಲಿ ಮುಟ್ಟಲಿಲ್ಲ. "ಬಂದದ್ದು ಹೌದಾ?"

"ಹೌದು."

"ಕೆಮ್ಮಿದ್ದು?"

"ಅವತ್ತು ನನಗೆ ನೆಗಡಿಯಾಗಿತ್ತು."

ಅವರು ಕುರ್ಚಿಯ ಮೇಲೆ ಕೂತರು. ನನ್ನೆದುರು ಅವರು ಕೂತದ್ದು ಆ ಹನ್ನೆರಡು ವರ್ಷದಲ್ಲಿ ಅದೇ ಮೊದಲು. ಜೇಬಿನಿಂದ ಫೋನ್ ತೆಗೆದು ಒಂದು ನಂಬರು ಒತ್ತಿ, ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದರು. "ಇದನ್ನು ಮನೆಯವಳಿಗೆ ಹೇಳಿ. ನಾನು ಹೇಳಿದ್ರೆ ನಂಬುದಿಲ್ಲ. ಅವಳು ಈಗ ಗ್ಯಾಸ್ ಹತ್ರವೂ ನನ್ನನ್ನು ಬಿಡುದಿಲ್ಲ."

ಇಲ್ಲೇ ಅವರ ಜೊತೆಗಿದ್ದ ಹೆಂಡತಿಯನ್ನು ನಾನು ಒಂದೆರಡು ಸಲ ನೋಡಿದ್ದೆ. ನಾನು ಯಾರೆಂದು ಹೇಳಿ, ತಪ್ಪು ನನ್ನದು, ನಿಮ್ಮ ಯಜಮಾನರಿಗೆ ಎಲ್ಲ ಸರಿಯಾಗಿ ನೆನಪಿತ್ತು, ನನಗೆ ಈಗಷ್ಟೇ ನೆನಪಾಯಿತು ಎಂದೆ.

ಆ ಕಡೆ ಪಾತ್ರೆ ಇಟ್ಟ ಸದ್ದು. "ಅಲ್ಲಾಹ್! ಇವರ ತಲೆಗೆ ಏನೂ ಆಗ್ಲಿಲ್ವಾ ಮೇಡಂ?"

"ಏನೂ ಆಗಿಲ್ಲ."

"ನಿಲ್ಲಿ, ನಿಲ್ಲಿ, ಮಗಳನ್ನು ಕರೀತೇನೆ. ಅವಳು ರಾತ್ರಿ ಎಲ್ಲ ಮರ್ಕಿ ಕಣ್ಣು ಊದಿಸ್ಕೊಂಡಿದ್ದಾಳೆ. ಅವಳಿಗೂ ಒಮ್ಮೆ ಹೇಳಿ." ಮಗಳು ಬಂದು ಫೋನಿನ ಹತ್ತಿರ ಉಸಿರು ಬಿಡುವುದು ಕೇಳಿಸಿತು. ಹೆಂಡತಿ ಮುಂದುವರಿಸಿದರು: "ನೀವು ಒಳ್ಳೆಯವರು ಮೇಡಂ. ನೆನಪಾದ ಕೂಡ್ಲೇ ಹೇಳಿದ್ರಿ. ಬೇರೆಯವರಾದ್ರೆ ಸುಮ್ಮನೆ ಇರ್ತಿದ್ರು."

ಭಾಯಿ ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಗೆ ಅನುಮಾನ ಬಂದಿತ್ತೋ, ನನಗೆ ಹಾಗೆ ಅನಿಸಿತೋ.

"ಈಗ ನೆನಪಾದದ್ದಲ್ಲ," ಎಂದೆ. "ಅವತ್ತು ಸಾರ್ ಕೇಳಿದಾಗಲೂ ನನಗೆ ಅರ್ಧ ಗೊತ್ತಿತ್ತು. ಮರುದಿನ ಪೂರ್ತಿ ಗೊತ್ತಾಯಿತು. ಹನ್ನೊಂದು ದಿನ ಹೇಳಲಿಲ್ಲ."

ಆ ಕಡೆಯಿಂದ ಹೆಂಡತಿ, "ಗೊತ್ತಿದ್ದೂ?" ಎಂದರು. ಬೈಗುಳದ ದನಿಯಲ್ಲ, ನಿಜವಾಗಿ ಕೇಳಿದ ಹಾಗೆ. "ಗೊತ್ತಿದ್ದೂ," ಎಂದೆ ನಾನು.

ಭಾಯಿ ಸ್ಪೀಕರ್ ಆರಿಸಿ, ಫೋನನ್ನು ಕಿವಿಗಿಟ್ಟುಕೊಂಡು, ನನಗೆ ಬೆನ್ನು ಮಾಡಿ ಬ್ಯಾರಿ ಭಾಷೆಯಲ್ಲಿ ಮೆಲ್ಲಗೆ ಮಾತಾಡತೊಡಗಿದರು. ನನಗೆ ಆ ಭಾಷೆ ಬರುವುದಿಲ್ಲ. ಸಮಾಧಾನ ಮಾಡುತ್ತಿದ್ದರು ಎಂದಷ್ಟೇ ತಿಳಿಯಿತು. ನನ್ನ ಕೋಣೆಯೇ ಆದರೂ ನಾನು ಎದ್ದು ಹೊರಗೆ ಹೋದೆ.